ತುಟಿಗೆ ಮೂರು ಹೊಲಿಗೆ

ಮೊದಲ ದಿನವೇ ಆ ಮನುಷ್ಯ ನನ್ನ ಕೋಟಿನ ಕಾಲರ್ ಹಿಡಿದು ಹಿಂದಕ್ಕೆಳೆದರು. ಅರವತ್ತೆರಡು ವರ್ಷಗಳಲ್ಲಿ ನನ್ನನ್ನು ಯಾರೂ ಹಾಗೆ ಎಳೆದಿರಲಿಲ್ಲ.

ಎದುರಿಗೆ ಮಂಜುಗಡ್ಡೆಯ ಮೇಲೆ ಹುಡುಗಿಯೊಬ್ಬಳು ಬೋರಲು ಬಿದ್ದಿದ್ದಳು. ಕೆಂಪು ಜರ್ಸಿಯವಳು ಹಿಂದಿನಿಂದ ಬಂದು ಅವಳನ್ನು ಗೋಡೆಗೆ ಅಪ್ಪಳಿಸಿದ್ದಳು. ಕಲ್ಲಿಗೆ ತೆಂಗಿನಕಾಯಿ ಒಡೆದಂಥ ಸದ್ದು. ಹೆಲ್ಮೆಟ್ಟಿನ ಜಾಲರಿಯ ಕೆಳಗಿನಿಂದ ರಕ್ತ ಇಳಿದು ಬಿಳಿಯ ಮೇಲೆ ಹರಡುತ್ತಿತ್ತು. ನಾನು "ಅಯ್ಯೋ ಶಿವನೇ" ಎನ್ನುತ್ತ ಬ್ಯಾಗೆತ್ತಿಕೊಂಡು ನುಗ್ಗಿದ್ದೆ.

"ಶಿವ ಬರಲ್ಲ ಡಾಕ್ಟ್ರೇ, ನೀವೇ ಹೋಗ್ಬೇಕು," ಎಂದಿತು ಬೆನ್ನ ಹಿಂದೆ ಅಚ್ಚ ಮೈಸೂರಿನ ಕನ್ನಡ. "ಆದ್ರೆ ಈ ಶೂ ಹಾಕ್ಕೊಂಡು ಹೋದ್ರೆ ಅಲ್ಲಿ ಇಬ್ಬರು ಪೇಷೆಂಟ್ ಆಗ್ತಾರೆ."

ಬೈಯಲು ತಿರುಗುವಷ್ಟರಲ್ಲಿ ಅವರು ಮೊಣಕಾಲೂರಿ ಕೂತು, ಸಣ್ಣ ಮೊಳೆಗಳಿದ್ದ ರಬ್ಬರ್ ಪಟ್ಟಿಯೊಂದನ್ನು ನನ್ನ ಶೂಗೆ ಸಿಕ್ಕಿಸುತ್ತಿದ್ದರು.

"ರೀ, ಕಾಲು ಮುಟ್ಟಬೇಡಿ! ನನಗಿಂತ ದೊಡ್ಡವರು ನೀವು."

"ಮುಟ್ಟಿದ್ದು ಶೂ. ಇನ್ನೊಂದು ಎತ್ತಿ."

ಆ ಹುಡುಗಿಯ ಗದ್ದ ಎಲುಬು ಕಾಣುವಷ್ಟು ಸೀಳಿತ್ತು. ಏಳು ಹೊಲಿಗೆ ಹಾಕಿದೆ. ಅವಳು ಅಳಲಿಲ್ಲ, "ಸ್ಕೋರ್ ಎಷ್ಟು?" ಎಂದು ಮಾತ್ರ ಕೇಳಿದಳು.

ಅದು ೨೦೧೪ರ ಫೆಬ್ರವರಿ. ಹದಿನೆಂಟರೊಳಗಿನ ಹುಡುಗಿಯರ ಐಸ್ ಹಾಕಿ, ಆರು ದೇಶಗಳ ಪಂದ್ಯಾವಳಿ, ಇಂಗ್ಲೆಂಡಿನ ಲೀಡ್ಸ್‌ನಿಂದ ಅರ್ಧ ಗಂಟೆ ದೂರದ ಒಂದು ಹಳೆಯ ರಿಂಕ್‌ನಲ್ಲಿ, ಅಂದರೆ ಮಂಜುಗಡ್ಡೆಯ ಅಂಗಳದಲ್ಲಿ. ಜಿಪಿ, ಅಂದರೆ ಬಡಾವಣೆಯ ಕುಟುಂಬ ವೈದ್ಯೆಯ ಕೆಲಸದಿಂದ ನಿವೃತ್ತಳಾಗಿದ್ದ ನಾನು ಪಂದ್ಯದ ಡಾಕ್ಟರ್ ಆಗಲು ಒಪ್ಪಿಕೊಂಡಿದ್ದೆ. ಲೀಡ್ಸ್‌ನ ಹೆಡಿಂಗ್ಲೀಯ ಮನೆಯಲ್ಲಿ ಒಬ್ಬಳೇ ಕೂತು ರೇಡಿಯೋ ಕೇಳುವುದಕ್ಕಿಂತ ವಾಸಿ ಎಂದು. ಹುಡುಗಿಯರ ಆಟದಲ್ಲಿ ಮೈಮೇಲೆ ಬಿದ್ದು ಡಿಕ್ಕಿ ಹೊಡೆಯುವಂತಿಲ್ಲ ಎಂಬ ನಿಯಮವಿತ್ತು. ನಿಯಮ ಪುಸ್ತಕದಲ್ಲಿತ್ತು.

ಕಾಲರ್ ಎಳೆದವರ ಹೆಸರು ಶ್ರೀರಂಗ. ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಉಕ್ಕಿಗೆ ಸಾಣೆ ಹಿಡಿದವರು. ಈಗ ಬ್ರಿಟನ್ ತಂಡದ ಸ್ಕೇಟ್‌ಗಳಿಗೆ, ಬೂಟಿನಡಿಯ ಬ್ಲೇಡುಗಳಿಗೆ, ಸಾಣೆ ಹಿಡಿಯುತ್ತಿದ್ದರು. ಕಾರಣ, ತಂಡದ ನಾಲ್ಕನೇ ನಂಬರಿನ ಆಟಗಾರ್ತಿ, ಅವರ ಮೊಮ್ಮಗಳು ಆಶ್ರಿತಾ.

ಅವರ ಯಂತ್ರ ನನ್ನ ಕೋಣೆಯ ಎದುರಿಗೇ ಇತ್ತು. ಬ್ಲೇಡು ಕಲ್ಲಿಗೆ ತಾಗಿದೊಡನೆ ಕಿಡಿಗಳು ಅವರ ಕನ್ನಡಕದವರೆಗೂ ಹಾರುತ್ತಿದ್ದವು. ಆಮೇಲೆ ಹೆಬ್ಬೆರಳ ಉಗುರನ್ನು ಅಂಚಿನ ಮೇಲೆ ಮೆಲ್ಲಗೆ ಎಳೆದು ನೋಡುವರು. ಉಗುರಿನ ಸಣ್ಣ ಪುಡಿ ಬಂದರೆ ಹದ ಸರಿ. ಅಂಥ ಒರಟು ಕೈ, ಅಷ್ಟು ಮೆಲ್ಲಗೆ. ನಾನು ನೋಡುತ್ತಿರುವುದು ಅವರಿಗೆ ಗೊತ್ತಾಗುತ್ತಿತ್ತು. ತಲೆ ಎತ್ತುತ್ತಿರಲಿಲ್ಲ, ಕಿವಿ ಮಾತ್ರ ಕೆಂಪಾಗುತ್ತಿತ್ತು.

ಎರಡನೇ ದಿನ ನನ್ನ ಗ್ಲೌಸ್ ಕಾಣಲಿಲ್ಲ. ಹುಡುಕಿ ಹುಡುಕಿ ಬೆರಳು ಮರಗಟ್ಟಿದವು. ನೋಡಿದರೆ ಅವು ಸಾಣೆ ಯಂತ್ರದ ಮೋಟಾರಿನ ಮೇಲೆ ಅಂಗಾತ ಮಲಗಿದ್ದವು.

"ನನ್ನ ಗ್ಲೌಸ್ ಕದ್ದಿರಾ?"

"ಬೆಚ್ಚಗಿರ್ಲಿ ಅಂತ ಇಟ್ಟೆ. ಸೂಜಿ ಹಿಡಿಯೋ ಕೈ ನಡುಗಿದ್ರೆ ಮಕ್ಕಳಿಗೆ ಕಷ್ಟ."

"ಮಕ್ಕಳಿಗೋಸ್ಕರ?"

"ಮಕ್ಕಳಿಗೋಸ್ಕರಾನೇ," ಎಂದು ಗಂಭೀರವಾಗಿ ಹೇಳಿ ಇನ್ನೊಂದು ಸ್ಕೇಟ್ ಎತ್ತಿಕೊಂಡರು. ಅವರು ಹಿಡಿದದ್ದು ಆಗಲೇ ಸಾಣೆ ಹಿಡಿದಿಟ್ಟಿದ್ದ ಸ್ಕೇಟ್.

ಆ ವಾರ ನಾನು ಕಂಡಷ್ಟು ರಕ್ತವನ್ನು ಅಷ್ಟೂ ವರ್ಷದ ಜಿಪಿ ಕೆಲಸದಲ್ಲಿ ಕಂಡಿರಲಿಲ್ಲ. ಒಬ್ಬಳ ಮಣಿಕಟ್ಟಿನ ಮೇಲೆ ಬ್ಲೇಡು ಹರಿಯಿತು. ಇನ್ನೊಬ್ಬಳ ಹೆಗಲು ಕೀಲು ತಪ್ಪಿ ಜೋತಾಡುತ್ತಿತ್ತು. ಬುಧವಾರ ಎರಡು ತಂಡಗಳೂ ಗ್ಲೌಸ್ ಎಸೆದು ಹೊಡೆದಾಡಿದವು. ಬಿಡಿಸಲು ಹೋದ ರೆಫರಿಯ ಮೂಗಿಗೆ ಯಾರದೋ ಮೊಣಕೈ ಬಿತ್ತು. ಆ ಗಲಾಟೆಯ ನಡುವೆಯೂ ಶ್ರೀರಂಗ ಕೆಳಗೆ ಬಿದ್ದಿದ್ದ ಗ್ಲೌಸ್‌ಗಳನ್ನು ಒಂದೊಂದಾಗಿ ಆಯ್ದು, ಎರಡೂ ತಂಡದವನ್ನು ಜೋಡಿ ಮಾಡಿ ಬೆಂಚಿನ ಮೇಲಿಟ್ಟರು. ನನ್ನ ಮನಸ್ಸು ಅವರ ಕಡೆ ವಾಲಿದ್ದು ಯಾವಾಗ ಎಂದು ಕೇಳಿದರೆ, ಆಗಲೇ.

ಗುರುವಾರ ಅವರ ಡಬ್ಬಿಯ ಒಗ್ಗರಣೆ ಅವಲಕ್ಕಿ ಹಂಚಿಕೊಂಡು ತಿಂದೆವು.

"ನನ್ನ ಮಕ್ಕಳಿಬ್ಬರೂ ನನ್ನ ಜೊತೆ ಇಂಗ್ಲಿಷೇ," ಎಂದೆ. "ನಾನು ಕನ್ನಡದಲ್ಲಿ ಕೇಳ್ತೀನಿ, ಅವರು ಇಂಗ್ಲಿಷಲ್ಲಿ ಹೇಳ್ತಾರೆ. ಸೋತು ಸುಮ್ಮನಾದೆ."

"ನಮ್ಮನೇಲಿ ಹಾಗಿಲ್ಲಪ್ಪ," ಎಂದರು ಶ್ರೀರಂಗ ಎದೆ ಸೆಟೆಸಿ. "ಆಶ್ರಿತಾ ಮನೇಲಿ ಬರೀ ಕನ್ನಡ. ಇಲ್ಲಿ ಫ್ರೆಂಡ್ಸ್ ಮುಂದೆ ಮಾತ್ರ ಇಂಗ್ಲಿಷ್."

"ಪುಣ್ಯವಂತರು ಬಿಡಿ."

ಹೊಗಳಿಕೆ ಕೇಳಿ ಅವರು ಅವಲಕ್ಕಿಯಲ್ಲಿ ಕಡಲೇಕಾಯಿ ಹುಡುಕತೊಡಗಿದರು. ಸಿಕ್ಕವನ್ನೆಲ್ಲ ನನ್ನ ಕಡೆ ಸರಿಸಿದರು.

ಭಾನುವಾರ ಮಧ್ಯಾಹ್ನ ಫೈನಲ್. ಎದುರಿಗೆ ಮತ್ತೆ ಕೆಂಪು ಜರ್ಸಿಗಳು. ಮೂರು ಭಾಗದ ಆಟ; ಎರಡನೇ ಭಾಗದ ಕೊನೆಗೆ ಆಶ್ರಿತಾ ಮೂಲೆಯಲ್ಲಿ ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆಗಾಗಿ ಬಗ್ಗಿದ್ದಳು. ಇಬ್ಬರು ಒಟ್ಟಿಗೆ ಬಂದು ಅವಳ ಮೇಲೆ ಬಿದ್ದರು. ಒಬ್ಬಳ ಭುಜ ಅವಳ ಪಕ್ಕೆಗೆ, ಇನ್ನೊಬ್ಬಳ ಮೈಭಾರವೆಲ್ಲ ಅವಳ ತಲೆಗೆ. ತಲೆ ಗೋಡೆಗೆ ಬಡಿದು ಪುಟಿದು ಮತ್ತೆ ಮಂಜಿಗೆ ಬಡಿಯಿತು. ಎರಡು ಸದ್ದು. ಎರಡನೆಯದು ನನ್ನ ಹಲ್ಲಿನಲ್ಲಿ ಕೇಳಿಸಿತು.

ಅವಳು ಎದ್ದಳು. ಎದ್ದವಳೇ ಡಿಕ್ಕಿ ಹೊಡೆದವಳ ಹಿಂದೆ ಓಡಿ ಕೋಲಿನಿಂದ ಬೆನ್ನಿಗೆ ಬಾರಿಸಿದಳು. ಜನ ಹುಚ್ಚೆದ್ದು ಕೂಗಿದರು. ರೆಫರಿ ಅವಳನ್ನು ಎರಡು ನಿಮಿಷದ ಶಿಕ್ಷೆಗೆ ಹೊರಗೆ ಕಳಿಸಿದ. ನಾನು ನನ್ನ ಕೋಣೆಗೆ ಕರೆದೊಯ್ದೆ.

ತಲೆಗೆ ಪೆಟ್ಟಾದವರಿಗೆ ಕೇಳುವ ಪ್ರಶ್ನೆಗಳ ಹಾಳೆ ಇತ್ತು. ಯಾವ ರಿಂಕ್? ಕೊನೆಯ ಗೋಲ್ ಯಾರದು? ಐದು ಪದ ಹೇಳುತ್ತೇನೆ, ಮತ್ತೆ ಹೇಳು. ಎಲ್ಲಕ್ಕೂ ಪಟಪಟನೆ ಇಂಗ್ಲಿಷ್‌ನಲ್ಲಿ ಉತ್ತರ ಬಂತು. ವಾರವಿಡೀ ಅದೇ ಹಾಳೆ, ಅದೇ ಐದು ಪದ. ತಂಡದ ಹುಡುಗಿಯರೆಲ್ಲ ಬಾಯಿಪಾಠ ಮಾಡಿದ್ದರೆಂದು ನನಗೆ ಹೊಳೆಯಲಿಲ್ಲ. ಬೆಳಕು ಬಿಟ್ಟು ನೋಡಿದೆ, ಕಣ್ಣು ಸರಿಯಿತ್ತು. ಕೊನೆಗೆ ಅವಳು ನನ್ನ ಮುಖ ನೋಡಿ ಮೆಲ್ಲಗೆ ಹೇಳಿದಳು:

"ಆಂಟಿ, ಬಾಯಾರಿಕೆ ಆಗ್ತಿದೆ. ನೀರು ಕೊಡ್ತೀರಾ?"

ಎಷ್ಟು ಮುದ್ದಾದ ಕನ್ನಡ! ನನ್ನ ಹೊಟ್ಟೆ ತಣ್ಣಗಾಯಿತು. ನೀರು ಕುಡಿಸಿದೆ, ಬೆನ್ನು ಸವರಿದೆ, ಆಡಬಹುದು ಎಂದು ಸಹಿ ಹಾಕಿದೆ.

ಮೂರನೇ ಭಾಗ ಶುರುವಾಗಲು ಎರಡು ನಿಮಿಷವಿತ್ತು. ಬೆಂಚಿನ ಕಡೆಯಿಂದ ಕೋಚ್ ಅಬ್ಬರಿಸುವುದು ಕೇಳಿ ಹೋದೆ. ಶ್ರೀರಂಗ ಆಶ್ರಿತಾಳ ಹೆಲ್ಮೆಟ್ ಎದೆಗವಚಿಕೊಂಡು ನೆಲದ ಮೇಲೆ ಕೂತುಬಿಟ್ಟಿದ್ದರು.

"ಗಿವ್ ಇಟ್ ಬ್ಯಾಕ್, ಮ್ಯಾನ್! ಡಾಕ್ಟರ್ ಹ್ಯಾಸ್ ಕ್ಲಿಯರ್ಡ್ ಹರ್!" ಕೋಚ್ ಅವರ ತೋಳು ಹಿಡಿದು ಜಗ್ಗುತ್ತಿದ್ದ.

"ನೋ," ಎನ್ನುತ್ತಿದ್ದರು ಇವರು.

"ಕೊಡು ತಾತ!" ಆಶ್ರಿತಾ ಕಿರುಚಿದಳು. ಕೋಲಿನ ಹಿಡಿಯ ತುದಿಯಿಂದ ಅವರ ಮುಖಕ್ಕೆ ತಿವಿದಳು. ತುಟಿ ಸೀಳಿತು. ಹಲ್ಲಿನ ಚೂರೊಂದು ರಬ್ಬರ್ ನೆಲದ ಮೇಲೆ ಬಿತ್ತು. ಅವರು ಹೆಲ್ಮೆಟ್ ಬಿಡಲಿಲ್ಲ. ಅವಳು ಮತ್ತೆ ಕೋಲೆತ್ತಿದಳು. ನಾನು ನಡುವೆ ನುಗ್ಗಿದೆ. ಆ ಏಟು ನನ್ನ ಮುಂಗೈ ಮೇಲೆ ಬಿತ್ತು.

"ಶ್ರೀರಂಗ ಅವರೇ, ಏನಿದು? ನಾನೇ ನೋಡಿದ್ದೀನಿ ಅವಳನ್ನ!"

ಅವರ ಬಾಯಿ ತುಂಬ ರಕ್ತ. "ಅಜ್ಜಿ ಎಲ್ಲಿ ಕೂತಿದ್ದಾರೆ, ಕಾಣ್ತಿಲ್ಲ ಅಂತ ಕೇಳಿದ್ಲು ಡಾಕ್ಟ್ರೇ. ನನ್ನ ಹೆಂಡ್ತಿ ರತ್ನಮ್ಮ ಹೋಗಿ ಐದು ವರ್ಷ ಆಯ್ತು." ಉಸಿರೆಳೆದುಕೊಂಡರು. "ಕನ್ನಡದಲ್ಲಿ ಕೇಳಿದ್ಲು. ನಾನು ನಿಮ್ಗೆ ಸುಳ್ಳು ಹೇಳಿದ್ದೆ. ಇವಳು ಕನ್ನಡ ಮಾತಾಡಲ್ಲ. ಅಜ್ಜಿ ಹೋದ್ಮೇಲೆ 'ತಾತ' ಅನ್ನೋದು ಬಿಟ್ಟು ಒಂದೇ ಒಂದು ಪದ ಆಡಿಲ್ಲ."

ನನ್ನ ಕಿವಿಯಲ್ಲಿ ಆ ಮಾತು ಮತ್ತೆ ಕೇಳಿಸಿತು. ಆಂಟಿ, ಬಾಯಾರಿಕೆ ಆಗ್ತಿದೆ.

ಅವಳ ಮುಖ ಹಿಡಿದು ಬೆಳಕು ಬಿಟ್ಟೆ. ಎಡಗಣ್ಣಿನ ಪಾಪೆ ಬಲಗಣ್ಣಿನದಕ್ಕಿಂತ ದೊಡ್ಡದಾಗಿತ್ತು.

"ನಾನು ತಪ್ಪು ಮಾಡಿದೆ," ಎಂದು ಕೋಚ್‌ಗೆ ಎಲ್ಲರೆದುರು ಇಂಗ್ಲಿಷ್‌ನಲ್ಲಿ ಹೇಳಿದೆ. "ಇವಳು ಆಡುವುದಿಲ್ಲ. ಆಂಬುಲೆನ್ಸ್ ಕರೆಸಿ."

ಆಂಬುಲೆನ್ಸ್ ಬರುವಷ್ಟರಲ್ಲಿ ಅವಳು ವಾಂತಿ ಮಾಡಿಕೊಂಡು ನನ್ನ ತೊಡೆಯ ಮೇಲೆ ಪ್ರಜ್ಞೆ ತಪ್ಪಿದ್ದಳು. ಇನ್ನೊಂದು ಪೆಟ್ಟು ಬಿದ್ದಿದ್ದರೆ ಉಳಿಯುತ್ತಿರಲಿಲ್ಲ ಎಂದು ಆಸ್ಪತ್ರೆಯಲ್ಲಿ ಸರ್ಜನ್ ಹೇಳಿದರು. ತಲೆಬುರುಡೆ ತೆರೆದು ರಕ್ತದ ಹೆಪ್ಪು ತೆಗೆಯಬೇಕಿತ್ತು. ಆಶ್ರಿತಾಳ ತಂದೆ ವಿನಾಯಕ ಬರ್ಮಿಂಗ್‌ಹ್ಯಾಮ್‌ನಿಂದ ಹೊರಟಿದ್ದ. ಅವನು ಬರುವವರೆಗೆ ಇದ್ದದ್ದು ನಾವಿಬ್ಬರೇ.

ಶ್ರೀರಂಗ ಟವೆಲ್ ಕಚ್ಚಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಎಮರ್ಜೆನ್ಸಿಯಲ್ಲಿ ಸರದಿ ನಾಲ್ಕು ಗಂಟೆ ಎಂದರು. ನನ್ನ ಬ್ಯಾಗ್ ನೋಡಿದ ನರ್ಸ್ ಒಬ್ಬಳು ಒಂದು ಖಾಲಿ ಕೋಣೆಯ ಪರದೆ ಸರಿಸಿ, ದೀಪ ಹಾಕಿ, ಕಂಡೂ ಕಾಣದಂತೆ ಹೊರಟುಹೋದಳು.

"ಬಾಯಿ ಅಲ್ಲಾಡಿಸಬೇಡಿ," ಎಂದೆ, ಅವರನ್ನು ಮಂಚದ ಮೇಲೆ ಮಲಗಿಸಿ. "ತುಟಿಯ ಗೆರೆ ಕೂದಲೆಳೆಯಷ್ಟು ತಪ್ಪಿದ್ರೂ ನಗು ಸೊಟ್ಟಗಾಗುತ್ತೆ."

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟೆ. ಅವರ ಉಸಿರು ನನ್ನ ಬೆರಳಿಗೆ ತಾಗುತ್ತಿತ್ತು. ಅಷ್ಟು ಹತ್ತಿರದಿಂದ ಗಂಡಸೊಬ್ಬರ ಕಣ್ಣು ನೋಡಿ ಒಂಬತ್ತು ವರ್ಷವಾಗಿತ್ತು, ನನ್ನ ಯಜಮಾನರು ಹೋದಂದಿನಿಂದ. ಕಂದು ಕಣ್ಣು, ರೆಪ್ಪೆಗಳ ಮೇಲೆ ಉಕ್ಕಿನ ಧೂಳು. ಏನೋ ಹೇಳಲು ತವಕಿಸುತ್ತಿದ್ದವು.

"ಸುಮ್ನಿರಿ ಅಂದ್ನಲ್ಲ. ನಾನು ಮಾತಾಡ್ತೀನಿ." ಮೊದಲ ಗಂಟು ಬಿಗಿದೆ. "ಕನ್ನಡ ಕೇಳಿ ಕರಗಿ ಹೋದೆ ನಾನು. ನಲವತ್ತು ವರ್ಷದ ಡಾಕ್ಟರ್ ಕೆಲಸ ಒಂದು ಲೋಟ ನೀರಲ್ಲಿ ಮುಳುಗಿಹೋಯ್ತು. ಆ ಮಗು ಎದ್ದೇಳದಿದ್ರೆ ನಿಮ್ಮ ಮುಖ ಹೇಗೆ ನೋಡಲಿ?"

ಅವರು ತಮ್ಮ ಎದೆ ಮುಟ್ಟಿ ತೋರಿಸಿಕೊಂಡರು. ನಾನೂ, ಎಂದು.

"ಹೌದು, ನೀವೂ. ಯಾಕ್ರೀ ಹೇಳಿದ್ರಿ ಆ ಸುಳ್ಳು?"

ಅವರ ತೋರುಬೆರಳು ಮೆಲ್ಲಗೆ ನನ್ನ ಕಡೆ ತಿರುಗಿತು. ನಿಮಗೋಸ್ಕರ.

ನನ್ನ ಕೈ ನಡುಗಿತು. ಎರಡನೆಯದನ್ನು ಹೇಗೋ ಹಾಕಿದೆ. ಮೂರನೆಯದಕ್ಕೆ ಸೂಜಿಯನ್ನು ತುಟಿಯ ಹತ್ತಿರ ತಂದೆ. ಅವರು ಉತ್ತರ ಕೊಡಲಾಗದ ಸ್ಥಿತಿಯಲ್ಲಿದ್ದರಲ್ಲ, ಅದೇ ನನಗೆ ಧೈರ್ಯ ಕೊಟ್ಟಿತು.

"ಪಂದ್ಯ ಮುಗೀತು. ಇನ್ಮೇಲೆ ನನ್ನ ಗ್ಲೌಸ್ ಯಾರು ಬೆಚ್ಚಗಿಡ್ತಾರೆ?"

ಅವರ ಕಣ್ಣಂಚಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಬ್ಯಾಂಡೇಜ್ ಬಟ್ಟೆಯ ತುಂಡಿನಿಂದ ಒರೆಸಿದೆ.

ಆಪರೇಷನ್ ಆಗಿ ಆಶ್ರಿತಾ ಕಣ್ಣು ತೆರೆದದ್ದು ಮಂಗಳವಾರ ಬೆಳಿಗ್ಗೆ. ವಿನಾಯಕ ಚಹಾ ತರಲು ಹೋಗಿದ್ದ. ಬೋಳು ತಲೆಯ ಸುತ್ತ ಬ್ಯಾಂಡೇಜ್, ಮೂಗಿನಲ್ಲಿ ಕೊಳವೆ. ನಾವಿಬ್ಬರೂ ಅವಳತ್ತ ಬಗ್ಗಿದೆವು. ಮೂವತ್ತೆಂಟು ವರ್ಷದಿಂದ ಈ ದೇಶದಲ್ಲಿ ಕನ್ನಡಕ್ಕಾಗಿ ಹಂಬಲಿಸಿದವಳು ನಾನು. ಅಂದು ಮಾತ್ರ ಅವಳ ಬಾಯಲ್ಲಿ ಕನ್ನಡ ಬಾರದಿರಲಿ ಎಂದು ಕಂಡಕಂಡ ದೇವರಿಗೆ ಹರಕೆ ಹೊತ್ತೆ.

"ಆಶೂ, ನಾನು ಯಾರು ಹೇಳಮ್ಮ?" ಎಂದರು ಶ್ರೀರಂಗ, ಊದಿದ ತುಟಿಯಲ್ಲಿ.

ಅವಳ ಕಣ್ಣು ಅವರ ಹೊಲಿಗೆಗಳ ಮೇಲೆ ನಿಂತಿತು.

"ತಾತ," ಎಂದಳು. "ಯುವರ್ ಫೇಸ್ ಲುಕ್ಸ್ ಡಿಸ್ಗಸ್ಟಿಂಗ್."

ನಾವು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಅತ್ತೆವು. ನಕ್ಕೆವೋ ಏನೋ.

ಅವಳು ಮತ್ತೆಂದೂ ಆಡಲಿಲ್ಲ. ತಾನು ತಾತನಿಗೆ ಹೊಡೆದದ್ದು ಅವಳಿಗೆ ನೆನಪಿರಲಿಲ್ಲ. ಮೆಟ್ಟಿಲಿಂದ ಬಿದ್ದೆ ಎಂದು ಅವರು ಹೇಳಿದರು. ಆ ಮನುಷ್ಯನ ಎರಡನೇ ಸುಳ್ಳು. ಅದನ್ನು ನಾನೂ ಸೇರಿ ಕಾಪಾಡಿದೆ.

ಐದನೇ ದಿನ ಹೊಲಿಗೆ ಬಿಚ್ಚಬೇಕಿತ್ತು. ಶುಕ್ರವಾರ ಬೆಳಿಗ್ಗೆ ನನ್ನ ಮನೆಯ ಬಾಗಿಲ ಗಂಟೆ ಕೇಳಿಸಿತು. ತೆರೆದರೆ ಶ್ರೀರಂಗ ಏದುಸಿರು ಬಿಡುತ್ತ ನಿಂತಿದ್ದರು. ತೋಳಲ್ಲಿ ಕಂಬಳಿ ಸುತ್ತಿದ ಭಾರದ ವಸ್ತು.

"ಆಸ್ಪತ್ರೇಲೇ ನರ್ಸ್ ಬಿಚ್ತಿದ್ರಲ್ಲ?"

"ಬಿಚ್ತಿದ್ರು," ಎಂದರು. "ಸ್ವಲ್ಪ ದಾರಿ ಬಿಡಿ, ಕೈ ಬಿದ್ದು ಹೋಗ್ತಿದೆ."

ಒಳಗೆ ಬಂದು ಊಟದ ಮೇಜಿನ ಮೇಲೆ ಇಳಿಸಿ ಕಂಬಳಿ ತೆಗೆದರು. ಸಾಣೆ ಯಂತ್ರ. ಪ್ಲಗ್ ಹುಡುಕಿ ಚುಚ್ಚಿದರು. ಅದು ಗುಂಯ್‌ಗುಡುತ್ತ ನನ್ನ ಚಹಾ ಕಪ್ಪುಗಳನ್ನೆಲ್ಲ ನಡುಗಿಸಿತು.

"ಇಲ್ಲಿ ಯಾರ ಸ್ಕೇಟ್‌ಗೆ ಸಾಣೆ ಹಿಡೀತೀರಿ?"

"ಯಾರದ್ದೂ ಇಲ್ಲ. ಬಿಸಿಯಾಗೋಕೆ ಹತ್ತು ನಿಮಿಷ ಬೇಕು." ಕಿವಿ ಕೆಂಪಾಗಿತ್ತು. "ಎಲ್ಲಿ, ನಿಮ್ಮ ಗ್ಲೌಸ್ ಕೊಡಿ."

ಕೊಟ್ಟೆ. ಆಮೇಲೆ ಕಿಟಕಿಯ ಬೆಳಕಿಗೆ ಅವರನ್ನು ಕೂರಿಸಿ ಮೂರೂ ಹೊಲಿಗೆ ಬಿಚ್ಚಿದೆ. ಎರಡನೆಯದರ ಹತ್ತಿರ ಗೆರೆ ಕೂದಲೆಳೆಯಷ್ಟು ತಪ್ಪಿತ್ತು.

"ನಗಿ ನೋಡೋಣ," ಎಂದೆ.

ನಕ್ಕರು. ಸೊಟ್ಟಗೆ.