ಅಜ್ಜಿಯ ಹಾರ್ನ್

“ಅದೋ, ನಿಮ್ಮಪ್ಪನ ಎಮ್ಮೆ ಬಂತು! ಗೊರ್... ಆಂ...ಯ್!” ಎಂದಳು ಪಕ್ಕದಲ್ಲಿ ಕೂತಿದ್ದ ಉದ್ದ ಜಡೆಯ ಹುಡುಗಿ.

ಇಡೀ ಕ್ಲಾಸು ಘೊಳ್ಳೆಂದು ನಕ್ಕಿತು. ಗಣಿತದ ಮೇಷ್ಟ್ರಿಗೂ ನಗು ತಡೆಯಲಾಗಲಿಲ್ಲ. ಚೂಟಿ ಪುಸ್ತಕದೊಳಗೆ ಮುಖ ಹುದುಗಿಸಿದಳು.

ಶಾಲೆಯ ಹಿಂದೆಯೇ ರೈಲು ಹಳಿ. ಹತ್ತೂವರೆಯ ಪ್ಯಾಸೆಂಜರ್ ರೈಲನ್ನು ಓಡಿಸುವವರು ಚೂಟಿಯ ಅಪ್ಪ. ಶಾಲೆ ಹತ್ತಿರವಾದ ಕೂಡಲೇ ಮಗಳಿಗೆಂದೇ ಎರಡು ಸಲ ಹಾರ್ನ್ ಹೊಡೆಯುತ್ತಿದ್ದರು. ಆ ಡೀಸೆಲ್ ಎಂಜಿನ್ನಿಗೆ ಹೆಚ್ಚುಕಡಿಮೆ ಅಪ್ಪನಷ್ಟೇ ವಯಸ್ಸು. ಶೆಡ್ಡಿನವರೆಲ್ಲ ಅದನ್ನು ‘ಅಜ್ಜಿ’ ಎನ್ನುತ್ತಿದ್ದರು. ಅಜ್ಜಿಯ ಹಾರ್ನ್ ಎಂದೋ ಬಿರುಕು ಬಿಟ್ಟಿತ್ತು. ಮೊದಲು ಗೊರ್ ಎಂದು ಕೆಮ್ಮಿ, ಆಮೇಲಷ್ಟೇ ಕೂಗುತ್ತಿತ್ತು.

ಅಂದು ಸಂಜೆ ಅಪ್ಪ ಶೂ ಬಿಚ್ಚುವ ಮೊದಲೇ ಚೂಟಿ ಹಾರಿಬಿದ್ದಳು. “ನಾಳೆಯಿಂದ ಹಾರ್ನ್ ಹೊಡೀಬೇಡ ಅಪ್ಪ. ನನ್ನ ಮರ್ಯಾದೆ ಹೋಗತ್ತೆ.”

“ಅಜ್ಜಿ ಬೇಜಾರ್ ಮಾಡ್ಕೋತಾಳೆ ಕಣೆ.”

“ಮಾಡ್ಕೊಳ್ಳಲಿ! ಪ್ರಾಮಿಸ್ ಮಾಡು.”

ಅಪ್ಪ ಅವಳ ಅಂಗೈ ಮೇಲೆ ಕೈಯಿಟ್ಟು ಪ್ರಾಮಿಸ್ ಮಾಡಿದರು. ಮಾತು ಕೊಟ್ಟರೆ ಮುಗಿಯಿತು, ಅವರು ಎಂದೂ ತಪ್ಪಿದವರಲ್ಲ. ಪಾಪ, ಅದೇ ತೊಂದರೆಯಾಯಿತು.

ಮಂಗಳವಾರದಿಂದ ರೈಲು ಬಾಯಿ ಮುಚ್ಚಿಕೊಂಡು ಹೋಯಿತು. ಚೂಟಿ ತಲೆಯೆತ್ತಿ ಕೂಡ ನೋಡಲಿಲ್ಲ.

ಶನಿವಾರ ಮಧ್ಯಾಹ್ನ ಅಪ್ಪ ಅವಳನ್ನು ಶೆಡ್ಡಿಗೆ ಕರೆದುಕೊಂಡು ಹೋದರು. ಅಲ್ಲಿ ಅಜ್ಜಿ ಒಂಟಿಯಾಗಿ ನಿಂತಿತ್ತು. ಮೈತುಂಬ ಸೀಮೆಸುಣ್ಣದ ಗುರುತುಗಳು.

“ಇದೇನಪ್ಪ, ಮೇಷ್ಟ್ರು ಕರೆಕ್ಷನ್ ಮಾಡಿದ ಹಾಗಿದೆ!”

ಕೈಯೆಲ್ಲ ಎಣ್ಣೆ ಮಾಡಿಕೊಂಡಿದ್ದ ಫಿಟ್ಟರ್ ಅತ್ತೆ ನಕ್ಕರು. “ರೈಟ್ ಹಾಕಿರೋದು ಇರತ್ತೆ, ಇಂಟು ಹಾಕಿರೋದು ಹೋಗತ್ತೆ. ಇವಳು ಬರೀ ಹೊಗೆ ಉಗುಳ್ತಾಳೆ, ದಾರೀಲಿ ಕೆಟ್ಟು ನಿಲ್ತಾಳೆ. ಮೈ ಮಾತ್ರ ಇಟ್ಕೊಂಡು ಒಳಗಿಂದೆಲ್ಲ ಹೊಸದು ಹಾಕ್ತೀವಿ. ನಿನ್ನೆ ಇವಳ ಕೊನೇ ಓಟ ಆಯ್ತಲ್ಲ.”

ಚೂಟಿ ಮೇಲೆ ನೋಡಿದಳು. ಹಾರ್ನಿನ ಮೇಲೆ ಎಲ್ಲಕ್ಕಿಂತ ದೊಡ್ಡ ಇಂಟು.

“ಅಪ್ಪ, ಒಂದೇ ಒಂದ್ಸಲ ಹೊಡಿ. ಪ್ಲೀಸ್!”

“ಅದು ಕೂಗೋಕೆ ಗಾಳಿ ಬೇಕು ಮರಿ,” ಎಂದರು ಅತ್ತೆ. “ಗಾಳಿ ತುಂಬೋ ಕಂಪ್ರೆಸರ್ ಬೆಳಿಗ್ಗೇನೇ ಬಿಚ್ಚಿಬಿಟ್ವಿ.”

ಆದರೂ ಚೂಟಿ ಕ್ಯಾಬ್ ಹತ್ತಿ ಹಾರ್ನಿನ ಹಿಡಿ ಎಳೆದಳು. ಟಕ್ ಎಂದಿತು. ಅಷ್ಟೇ. ಇನ್ನೊಮ್ಮೆ ಎಳೆದಳು. ಮತ್ತೂ ಅಷ್ಟೇ.

“ನಂಗ್ಯಾಕೆ ಹೇಳಲಿಲ್ಲ?”

“ಹೇಳೋಣ ಅಂತಿದ್ದೆ. ರೈಲಿನ ಮಾತೆತ್ತಿದ್ರೆ ಮುಖ ಸಿಂಡರಿಸ್ತಿದ್ದೆಯಲ್ಲ.”

“ನಿನ್ನೆ ಒಂದ್ಸಲ ಹೊಡೀಬಾರದಿತ್ತಾ?”

ಅಪ್ಪ ಹಿಡಿಯನ್ನು ಅಂಗಿಯ ತುದಿಯಿಂದ ಒರೆಸಿದರು. “ಶಾಲೆ ಬಂದಾಗ ಕೈ ಇದರ ಮೇಲೇ ಇತ್ತು ಕಣೆ. ಪ್ರಾಮಿಸ್ ನೆನಪಾಯ್ತು.”

ಚೂಟಿಗೆ ಅಳು ಒತ್ತರಿಸಿ ಬಂತು. ಮಂಗಳವಾರದಿಂದ ಶುಕ್ರವಾರದವರೆಗೆ ನಾಲ್ಕು ದಿನ. ನಾಲ್ಕು ದಿನವೂ ತಾನು ಕಿಟಕಿಯ ಕಡೆ ತಿರುಗಿರಲಿಲ್ಲ.

“ಪ್ರಾಮಿಸ್ ಕ್ಯಾನ್ಸಲ್,” ಎಂದಳು ಬಿಕ್ಕುತ್ತಾ.

ಸೋಮವಾರ ಹತ್ತೂವರೆಗೆ ಹೊಚ್ಚಹೊಸ ಎಂಜಿನ್ ಬಂತು. ಪೀಂ, ಪೀಂ. ಎರಡು ಸಲ. ಧ್ವನಿ ಬಲು ನಯವಾಗಿತ್ತು. ಕ್ಲಾಸಿನಲ್ಲಿ ಯಾರೂ ನಗಲಿಲ್ಲ, ತಲೆಯನ್ನೇ ಎತ್ತಲಿಲ್ಲ. ಚೂಟಿ ಕಿಟಕಿಯಿಂದ ಕೈ ಬೀಸಿದಳು. ಕೊನೆಯ ಬೋಗಿ ಮರೆಯಾಗುವ ತನಕ ಬೀಸುತ್ತಲೇ ಇದ್ದಳು.

“ಎಲ್ಲೇ ನಿಮ್ಮ ಎಮ್ಮೆ?” ಉದ್ದ ಜಡೆ ಮೆಲ್ಲಗೆ ತಿವಿದಳು. “ಗೊರ್... ಆಂ...ಯ್!”

ಥೇಟ್ ಅಜ್ಜಿಯ ದನಿ. ಆ ಕೆಮ್ಮು ಸಮೇತ.

ಚೂಟಿಗೆ ಸಿಟ್ಟು ಬರಲಿಲ್ಲ. ಅವಳು ಡೆಸ್ಕಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿಕೊಂಡಳು.

“ಇನ್ನೊಂದ್ಸಲ ಮಾಡೇ,” ಎಂದಳು.