ಆ ನೀಲಿ ಬೋರ್ಡ್ ಒಂದ್ ಬ್ಯಾಡ

“ಆ ನೀಲಿದ್ ಒಂದ್ ಬ್ಯಾಡ. ಬೇರೆ ಯಾವ್ದಾರೂ ಅಕ್ಕ್,” ಎಂದಳು ಮೋಕ್ಷಿತಾ.

ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ರವಿಯಣ್ಣನ ಒಂದು ಕೈಯಲ್ಲಿ ಚಹಾದ ಗ್ಲಾಸು, ಇನ್ನೊಂದು ಕೈಯಲ್ಲಿ ಬನ್ಸ್. ಅರ್ಧ ಬನ್ಸ್ ಬಾಯಲ್ಲೇ ಇತ್ತು.

“ಎಂತಕೆ? ನೀಲಿ ಬಣ್ಣ ಆತ್ತಿಲ್ಯಾ ನಿಂಗೆ?”

“ಆತ್ತಿಲ್ಲೆ.”

“ಹಂಗಾರೆ ಹಾಕ್ಕಂಡ್ ಬಂದ ಟೀ ಶರ್ಟ್ ಎಂತ ಬಣ್ಣ?”

ಮೋಕ್ಷಿತಾ ತನ್ನ ಟೀ ಶರ್ಟ್ ನೋಡಿಕೊಂಡಳು. ನೀಲಿಯೇ. ಥೂ! ಇದೊಂದು ಸುಳ್ಳೂ ನಿಲ್ಲಲಿಲ್ಲ.

ಕೋಡಿಯ ಕಡಲ ದಡದಲ್ಲಿ, ಗಾಳಿಮರಗಳ ಕೆಳಗಿನ ಆ ಶೆಡ್ಡಿನಲ್ಲಿ ಮೊದಲು ಬಲೆಗಳನ್ನು ಇಡುತ್ತಿದ್ದರು. ಈಗ ಅಲ್ಲಿ ಆರು ಸರ್ಫ್ ಬೋರ್ಡುಗಳು ಗೋಡೆಗೆ ಒರಗಿ ನಿಂತಿವೆ. ಊರಿನವನೇ ಆದ ರವಿಚಂದ್ರ ಮೂಲ್ಕಿಗೆ ಹೋಗಿ ಸರ್ಫಿಂಗ್ ಕಲಿತು ಬಂದಿದ್ದಾನೆ. ಮಕ್ಕಳಿಗೆಲ್ಲ ಅವನು ರವಿಯಣ್ಣ. ಭಾನುವಾರ ಬೆಳಿಗ್ಗೆ ಅವರಿಗೆ ಕಲಿಸುತ್ತಾನೆ. ಅಲೆ ಬರುವಾಗ ಬೋರ್ಡಿನ ಮೇಲೆ ಎದ್ದು ನಿಲ್ಲಬೇಕು, ಅಲೆಯ ಜೊತೆಗೇ ದಡಕ್ಕೆ ಬರಬೇಕು, ಅಷ್ಟೇ ಆಟ. ಹೇಳುವುದಕ್ಕೆ ಅಷ್ಟೇ. ನಿಂತು ನೋಡಿ, ಆಮೇಲೆ ಮಾತಾಡೋಣ.

ಹೊರಗೆ ದಟ್ಟ ಮಂಜು. ಡಿಸೆಂಬರಿನಲ್ಲಿ ಕೆಲವು ದಿನ ಹೀಗಾಗುತ್ತದೆ. ಕಡಲು ಕಾಣುವುದೇ ಇಲ್ಲ, ಬರೀ ಕೇಳುತ್ತದೆ. ಎಲ್ಲೋ ಒಂದು ದೋಣಿಯ ಇಂಜಿನ್ ಡುಗುಡುಗು ಎನ್ನುತ್ತಿತ್ತು. ಹತ್ತಿರವೋ ದೂರವೋ, ಬರುತ್ತಿದೆಯೋ ಹೋಗುತ್ತಿದೆಯೋ ಒಂದೂ ಗೊತ್ತಾಗುತ್ತಿರಲಿಲ್ಲ.

ಟಕ್. ಟಕ್.

ಐದು ಬೋರ್ಡುಗಳು ಸುಮ್ಮನೆ ನಿಂತಿದ್ದವು. ಮೂಲೆಯಲ್ಲಿದ್ದ ನೀಲಿ ಬೋರ್ಡ್ ಮಾತ್ರ ಮೆಲ್ಲಗೆ ಗೋಡೆಗೆ ಬಡಿಯುತ್ತಿತ್ತು.

“ಅದ್ ಎಂತಕೆ ಬಡೀತ್ತ್?” ಮೋಕ್ಷಿತಾ ಪಿಸುಗುಟ್ಟಿದಳು.

“ಗಾಳಿ ಮಾರಾಯ್ತಿ. ಆ ಮೂಲೆಲಿ ಒಂದ್ ಹಲಗೆ ಬಿಟ್ಕಂಡಿತ್ತ್.”

ಗಾಳಿ ಇದ್ದರೆ ಗಾಳಿಮರ ಸುಂಯ್ ಎನ್ನಬೇಕಲ್ಲ? ಮರಗಳು ಅಲುಗಾಡದೆ ನಿಂತಿದ್ದವು. ಮೋಕ್ಷಿತಾ ಅದನ್ನು ಹೇಳಲು ಹೋಗಲಿಲ್ಲ.

“ನಾನ್ ಆ ಬಿಳಿದ್ ತಕಂತೆ,” ಎಂದಳು.

ಬಿಳಿ ಬೋರ್ಡ್ ಅವಳಿಗಿಂತ ಒಂದು ಗೇಣು ಉದ್ದ ಇರಬಹುದು. ತೆಳ್ಳಗೆ, ಚೂಪು ಮೂತಿ, ನೋಡುವುದಕ್ಕೆ ಬಹಳ ಚೆಂದ. ರವಿಯಣ್ಣ ನಕ್ಕ.

“ಅದ್ ಕಲ್ತವ್ರ ಬೋರ್ಡ್ ಹೆಣ್ಣೇ. ಹಸಿ ಬಂಗುಡೆ ಹಾಂಗೆ, ಹಿಡ್ದಷ್ಟೂ ಜಾರತ್ತ್.”

“ನಾನೂ ಹೋದ್ ವರ್ಷ ಎದ್ ನಿತ್ತಿದ್ದೆ.”

“ಹೋದ್ ವರ್ಷ! ಒಂದ್ ವರ್ಷ ಬಿಟ್ರೆ ಮತ್ತೆ ಹೊಸಬ್ರೇ. ಇರ್ಲಿ, ತಕೋ. ಬೋರ್ಡಿನ್ ವಿಷ್ಯ ಬಾಯಲ್ ಹೇಳಿರೆ ತಿಳಿತ್ತಿಲ್ಲೆ. ನೀರಲ್ ಕಾಣ್.”

ಬೋರ್ಡ್ ಆರು, ಮಕ್ಕಳು ಒಂಬತ್ತು. ಇವತ್ತು ಯಾರು ನೀರಿಗೆ ಇಳಿಯುವುದಿಲ್ಲವೋ ಅವರ ಹೆಸರು ತೆಗೆಯುತ್ತೇನೆಂದು ರವಿಯಣ್ಣ ಹೋದ ವಾರವೇ ಹೇಳಿದ್ದ. ಅದು ತನಗೇ ಹೇಳಿದ್ದು ಎಂದು ಮೋಕ್ಷಿತಾಗೆ ಗೊತ್ತಿತ್ತು. ಮೂರು ಭಾನುವಾರ ಬಂದು, ಮರಳಲ್ಲಿ ಕೂತು, ಎದ್ದು ಹೋಗಿದ್ದಳು. ಮೊದಲು ಹೊಟ್ಟೆನೋವು, ಆಮೇಲೆ ತಲೆನೋವು, ಕೊನೆಗೆ ಹಲ್ಲುನೋವು. ಇನ್ನು ನೋಯುವುದಕ್ಕೆ ಜಾಗವೇ ಉಳಿದಿರಲಿಲ್ಲ.

ಇವತ್ತು ಇಳಿಯದಿದ್ದರೆ ತಾನು ಇನ್ನು ಯಾವತ್ತೂ ಇಳಿಯುವುದಿಲ್ಲ ಎಂದೂ ಅವಳಿಗೆ ಗೊತ್ತಿತ್ತು. ಅಪ್ಪಯ್ಯ ದಿನವೂ ದೋಣಿ ತೆಗೆದುಕೊಂಡು ಹೋಗುವವರು. ಅಂಥವರ ಮಗಳು ಒಂದು ವರ್ಷದಿಂದ ಕಡಲಿಗೆ ಕಾಲಿಟ್ಟಿಲ್ಲ! ಯಾರಿಗಾದರೂ ಹೇಳುವ ಹಾಗಿದೆಯೇ?

ಹೋದ ವರ್ಷ ಆದದ್ದು ಇಷ್ಟು.

ಅವತ್ತೂ ಭಾನುವಾರ. ಅಷ್ಟು ದಿನ ಸೊಂಟದ ನೀರಿನಲ್ಲಿ ಕಲಿತಿದ್ದ ಮಕ್ಕಳನ್ನು ರವಿಯಣ್ಣ ಮೊದಲ ಸಲ ಸ್ವಲ್ಪ ಮುಂದೆ ಬಿಟ್ಟಿದ್ದ. ಉಳಿದವರೆಲ್ಲ ಬಿಳಿ ನೊರೆಯಲ್ಲಿ ಪಟಪಟನೆ ಪೆಟ್ಟು ತಿನ್ನುತ್ತಿದ್ದರು. ಮೋಕ್ಷಿತಾ ಮಾತ್ರ ನೀಲಿ ಬೋರ್ಡ್ ಹಿಡಿದು ಪಕ್ಕಕ್ಕೆ ಹೋದಳು. ಅಲ್ಲಿ ಒಂದು ಪಟ್ಟಿಯಷ್ಟು ನೀರು ಕಪ್ಪಗೆ, ಶಾಂತವಾಗಿತ್ತು. ಅಲೆಯೇ ಒಡೆಯುತ್ತಿರಲಿಲ್ಲ. ಅಪ್ಪಯ್ಯ ಯಾವಾಗಲೂ ದೋಣಿ ಇಳಿಸುವುದು ಅಂಥ ಜಾಗದಲ್ಲೇ. ‘ಈ ದಡ್ಡರಿಗೆ ಕಡಲು ಗೊತ್ತಿಲ್ಲ, ನನಗೆ ಗೊತ್ತು’ ಎಂದುಕೊಂಡಳು.

ನೀರು ಅವಳನ್ನು ಮೆಲ್ಲಗೆ, ಒಂದು ಚೂರೂ ಸದ್ದು ಮಾಡದೆ ಕರೆದುಕೊಂಡು ಹೋಯಿತು. ತಿರುಗಿ ನೋಡಿದರೆ ಗಾಳಿಮರಗಳು ಬೆರಳುದ್ದ ಆಗಿದ್ದವು. ಕೂಗುವಷ್ಟರಲ್ಲಿ ಒಂದು ದೊಡ್ಡ ಅಲೆ ಬಂದು ಅವಳನ್ನು ಬೀಳಿಸಿತು. ಕಿವಿಯ ತುಂಬ ನೀರು, ಕಣ್ಣು ಗಟ್ಟಿಯಾಗಿ ಮುಚ್ಚಿದೆ. ಆಗ ಯಾರೋ ಅವಳ ಬಲಗಾಲಿನ ಹರಡನ್ನು, ಪಾದದ ಮೇಲಿನ ಗಂಟನ್ನು, ಹಿಡಿದು ಎಳೆದರು.

ಗಟ್ಟಿಯಾಗಿ ಎಳೆದರು. ಒದ್ದರೂ ಬಿಡಲಿಲ್ಲ.

ಹೇಗೆ ಮೇಲೆ ಬಂದಳೋ ಅವಳಿಗೇ ಗೊತ್ತಿಲ್ಲ. ರವಿಯಣ್ಣ ಈಜಿಕೊಂಡು ಬಂದು ದಡಕ್ಕೆ ಎಳೆದು ತಂದ. “ಅದ್ ನೀರ್ ಹೊರಗ್ ಹೋಪ ದಾರಿ! ದೋಣಿಗೆ ಇಂಜಿನ್ ಇತ್ತ್, ವಾಪಸ್ ಬತ್ತ್. ನಿಂಗೆ ಇತ್ತಾ ಇಂಜಿನ್?” ಎಂದು ಬೈದ. ಅವಳು ಅಳಲೂ ಇಲ್ಲ, ಕಾಲಿನ ವಿಷಯ ಹೇಳಲೂ ಇಲ್ಲ.

ಮರುದಿನ ಚಿಕ್ಕಪ್ಪನ ಮಗ ಚಂದು ಕೇಳಿದ, “ಅಲ್ಲೇ ಹೋದ್ಯಾ? ಮುಂಚೆ ನಮ್ಮೂರಿನ್ ನಾಗು ದೋಣಿಂದ ಬಿದ್ದದ್ದೂ ಅಲ್ಲೇ. ಎಷ್ಟ್ ಹುಡ್ಕಿರೂ ಸಿಕ್ಕಲಿಲ್ಲ್ಯಂಬ್ರ್. ಅವ್ನಿಗ್ ಒಬ್ನಿಗೇ ಬೇಜಾರಾತ್ತಲ, ಅದ್ಕೆ ಬಂದವ್ರ ಕಾಲ್ ಹಿಡಿತ್ನಂಬ್ರ್.”

ಹೇಳಿದವನು ಅವಲಕ್ಕಿ ತಿನ್ನುತ್ತಾ ಹೇಳಿ ಮರೆತುಬಿಟ್ಟ. ಕೇಳಿದವಳು ಮರೆಯಲಿಲ್ಲ. ಅವತ್ತಿನಿಂದ ಅವಳು ಕಾಲಿಗೆ ಗೆಜ್ಜೆಯನ್ನೂ ಹಾಕುವುದಿಲ್ಲ. ಹರಡಿಗೆ ಏನು ತಾಗಿದರೂ ಮೈ ಜುಂ ಎನ್ನುತ್ತದೆ. ಆ ನೀಲಿ ಬೋರ್ಡ್ ಕಂಡರೆ, ನಾಗು ಅದರ ಜೊತೆಗೇ ದಡಕ್ಕೆ ಬಂದು ಶೆಡ್ಡಿನ ಮೂಲೆಯಲ್ಲಿ ಕೂತಿದ್ದಾನೆ ಅನ್ನಿಸುತ್ತದೆ.

ಬಿಳಿ ಬೋರ್ಡಿನ ಕತೆ ಕಾಲು ಗಂಟೆಯಲ್ಲಿ ಮುಗಿಯಿತು.

ಸೊಂಟದ ನೀರಿನಲ್ಲಿ ಅದರ ಮೇಲೆ ಮಲಗಿದರೆ ಅದು ಅವಳ ಸಮೇತ ಮುಳುಗುತ್ತಿತ್ತು. ಎಡಕ್ಕೆ ವಾಲಿದರೆ ಎಡಕ್ಕೆ ಕವುಚಿತು, ಬಲಕ್ಕೆ ವಾಲಿದರೆ ಬಲಕ್ಕೆ. ಅಲೆ ಅದನ್ನು ಹಿಡಿಯುತ್ತಲೇ ಇರಲಿಲ್ಲ, ಕೆಳಗಿನಿಂದ ನುಸುಳಿ ಹೋಗುತ್ತಿತ್ತು. ಒಂದು ಸಲ ಅದರ ಚೂಪು ಮೂತಿ ಗಲ್ಲಕ್ಕೆ ಬಡಿದು ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಮೂರನೇ ಕ್ಲಾಸಿನ ಸುಪ್ರೀತಾ ಒಂದು ದೊಡ್ಡ ಹಳದಿ ಬೋರ್ಡಿನ ಮೇಲೆ ನಿಂತು, ಮಹಾರಾಣಿಯ ಹಾಗೆ ಮಂಜಿನೊಳಗಿಂದ ಬಂದಳು.

“ಹ್ವಾಯ್ ಮೋಕ್ಷಿಯಕ್ಕ, ಎಂತ ಬರೀ ಬೀಳುದೇ?” ಎಂದು ಕೇಳಿ ದಡಕ್ಕೆ ಹೋದಳು.

ಎಂಥ ನಾಚಿಕೆ! ಮೋಕ್ಷಿತಾ ಬಿಳಿ ಬೋರ್ಡನ್ನು ಮರಳಿನ ಮೇಲೆ ಹಾಕಿ ಪಕ್ಕದಲ್ಲಿ ಕೂತಳು. ರವಿಯಣ್ಣ ಬಂದು ಅವಳ ಹತ್ತಿರ ಕುಕ್ಕರಗಾಲಲ್ಲಿ ಕೂತ.

“ಮಳ್ಗಾಲ ಕಳ್ದ್ ದೋಣಿ ಇಳ್ಸುವತ್ತಿಗೆ ನಿನ್ನಪ್ಪಯ್ಯ ಮೊದ್ಲ್ ದಿನ ಎಲ್ಲಿಗ್ ಹೋತ್ರ್?”

“ಇಲ್ಲೇ ಹತ್ರ. ದೋಣಿ ಹ್ಯಾಂಗಿತ್ತ್ ಕಾಂಬುಕೆ.”

“ಅವ್ರಿಗೆ ಮೂವತ್ ವರ್ಷ ಆಯ್ತ್ ಕಡಲಿಗ್ ಹೋಪುಕೆ ಶುರು ಮಾಡಿ. ಅವ್ರೇ ಹಾಂಗೆ ಮಾಡ್ತ್ರ್. ವಾಪಸ್ ಬಪ್ಪವ್ರಿಗೆ ದೊಡ್ ಬೋರ್ಡೇ ಸೈ. ಉದ್ದ, ದಪ್ಪ, ಮೇಲೆ ಮೆತ್ತಗೆ. ನಿನ್ನ ಹೊತ್ಕಂತ್, ಅಲೆನೂ ಬೇಗ ಹಿಡಿತ್ತ್. ಉಳ್ದದ್ದೆಲ್ಲ ಯಾರ್ಯಾರ್ದೋ ಕೈಲಿತ್ತ್. ಈಗ ಇಪ್ದ್ ಆ ನೀಲಿದ್ ಒಂದೇ, ನಿಂಗಂದೇ ಇಟ್ಟದ್ದ್.”

ಅವಳು ಮುಖ ತಿರುಗಿಸಿದಳು.

“ಬ್ಯಾಡ ಅಂದ್ರೆ ಬ್ಯಾಡ. ಒತ್ತಾಯ ಇಲ್ಲೆ. ಆರೆ ಎಂತಕೆ ಅಂದ್ ಹೇಳ್.”

ಮೋಕ್ಷಿತಾ ಮರಳನ್ನು ಕೆರೆದಳು. ಮಂಜಿನಲ್ಲಿ ದೋಣಿಯ ಇಂಜಿನ್ ನಿಂತುಹೋಗಿತ್ತು. ಕೊನೆಗೆ, ಒಂದು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. ಕಾಲು ಹಿಡಿದದ್ದು, ಎಳೆದದ್ದು, ನಾಗು, ಎಲ್ಲ.

ರವಿಯಣ್ಣ ನಗುತ್ತಾನೆ ಎಂದುಕೊಂಡಿದ್ದಳು. ಅವನು ನಗಲಿಲ್ಲ. ಅವನ ಮುಖ ಚಿಕ್ಕದಾಯಿತು. ಕಡಲಿನ ಕಡೆ, ಅಂದರೆ ಮಂಜಿನ ಕಡೆ, ನೋಡಿದ.

“ನಾಗು ನನ್ ಕ್ಲಾಸಿನವ,” ಎಂದ. “ಒಂದೇ ಬೆಂಚ್. ಯಾರ್ ಕಾಲೂ ಎಳೆವವ ಅಲ್ಲ ಅವ.”

ಆಮೇಲೆ ಅವಳ ಕಡೆ ತಿರುಗಿದ.

“ಹಿಡ್ದದ್ದ್ ಯಾವ್ ಕಾಲ್?”

“ಬಲಗಾಲ್.”

“ಎಳ್ದದ್ದ್ ಯಾವ್ ಬದಿಗೆ?”

ಯಾವ ಬದಿಗೆ? ಕೆಳಗೆ ಎನ್ನಬೇಕೆಂದಿದ್ದಳು. ಆದರೆ ನೀರಿನಡಿ, ಕಣ್ಣು ಮುಚ್ಚಿಕೊಂಡು ಉರುಳುವಾಗ, ಕೆಳಗೆ ಯಾವುದು ಮೇಲೆ ಯಾವುದು?

“ಗೊತ್ತಿಲ್ಲೆ,” ಎಂದಳು.

“ಹಂಗಾರೆ ನೀನೇ ಕಾಣ್ಕ್. ನಾನ್ ಹೇಳಿರೆ ನೀ ನಂಬುದಿಲ್ಲೆ. ನಾನ್ ಪಕ್ಕದಲ್ಲೇ ಇರ್ತೆ, ಕೈ ಚಾಚಿರೆ ಸಿಕ್ಕುವಷ್ಟ್ ಹತ್ರ. ಅಕ್ಕಾ?”

ಮೋಕ್ಷಿತಾಗೆ ಹೆದರಿಕೆ ಹೋಗಿರಲಿಲ್ಲ. ಆದರೂ, ಯಾವ ಬದಿಗೆ ಎನ್ನುವುದು ಈಗ ಅವಳಿಗೇ ಬೇಕಾಗಿತ್ತು. ತಿಳಿಯದೆ ಮನೆಗೆ ಹೋದರೆ ರಾತ್ರಿ ನಿದ್ದೆ ಬರುವ ಹಾಗಿರಲಿಲ್ಲ.

“ಅಕ್ಕ್,” ಎಂದು ಒಪ್ಪಿಕೊಂಡಳು.

ಶೆಡ್ಡಿನಿಂದ ನೀಲಿ ಬೋರ್ಡನ್ನು ಇಬ್ಬರೂ ಎತ್ತಿ ತಂದರು. ತಣ್ಣಗಿತ್ತು. ಅದರ ಬಾಲಕ್ಕೆ, ಬಿದ್ದರೆ ಬೋರ್ಡ್ ದೂರ ಹೋಗದ ಹಾಗೆ, ಒಂದು ಉದ್ದ ಕಪ್ಪು ಹಗ್ಗ, ಹಗ್ಗದ ತುದಿಗೆ ಒಂದು ಪಟ್ಟಿ. ಸೊಂಟದ ನೀರಿನಲ್ಲಿ ಇದನ್ನು ಕಟ್ಟಿರಲಿಲ್ಲ. ರವಿಯಣ್ಣ ಬಗ್ಗಿ ಆ ಪಟ್ಟಿಯನ್ನು ಅವಳ ಬಲಗಾಲಿನ ಹರಡಿಗೆ ಸುತ್ತುವಾಗ ಮೋಕ್ಷಿತಾ ಕಣ್ಣು ಮುಚ್ಚಿಕೊಂಡಳು. ಜುಂ ಎಂದಿತು ಮೈ. ಹಲ್ಲು ಕಚ್ಚಿ ನಿಂತಳು.

“ಕಪ್ ನೀರಿನ್ ಬದಿಗ್ ಹೋಪುದಲ್ಲ. ನೊರೆ ಇದ್ದಲ್ಲೇ,” ಎಂದ ರವಿಯಣ್ಣ.

ನೊರೆ ಅವಳ ಮುಖಕ್ಕೆ ಬಡಿಯಿತು. ಒಂದು, ಎರಡು, ಮೂರು. ಎದೆಮಟ್ಟದ ನೀರು ಬಂದಾಗ ದಡ ಮಂಜಿನಲ್ಲಿ ಮುಚ್ಚಿಹೋಗಿತ್ತು. ಮಕ್ಕಳ ಗಲಾಟೆ ಬೇರೆ ಯಾವುದೋ ಊರಿನಿಂದ ಬಂದಂತೆ ಕೇಳುತ್ತಿತ್ತು. ಮೇಲೆ ಮಲಗಿದರೆ ಬೋರ್ಡ್ ಮಾತ್ರ ಅವಳ ಕೆಳಗೆ ಮಂಚದ ಹಾಗೆ ಗಟ್ಟಿಯಾಗಿತ್ತು. ವಾಲಲೂ ಇಲ್ಲ, ಮುಳುಗಲೂ ಇಲ್ಲ.

“ಬಂತ್ ಕಾಣ್! ಕೈ ಹೊಡಿ, ಕೈ ಹೊಡಿ! ಈಗ ಏಳ್!”

ಹಿಂದಿನಿಂದ ಅಲೆ ಬಂದು ಬೋರ್ಡನ್ನು ಎತ್ತಿಕೊಂಡಿತು. ಮೋಕ್ಷಿತಾ ಎದ್ದಳು. ಒಂದು ಕಾಲು, ಎರಡು ಕಾಲು, ನಿಂತಳು! ಅಯ್ಯಬ್ಬ, ಎಷ್ಟು ಖುಷಿ! ಮಂಜೇ ತನ್ನ ಕಡೆ ಓಡಿ ಬಂದಂತೆ ಕಂಡಿತು. ಒಂದು, ಎರಡು, ಮೂರು ಎಂದು ಎಣಿಸುವಷ್ಟು ಹೊತ್ತು ನಿಂತಿದ್ದಳೋ ಏನೋ. ಆಮೇಲೆ ಧುಡುಮ್ಮನೆ ಬಿದ್ದಳು.

ಕಿವಿಯ ತುಂಬ ನೀರು. ತಲೆ ಎಲ್ಲಿ, ಕಾಲು ಎಲ್ಲಿ ಒಂದೂ ತಿಳಿಯಲಿಲ್ಲ. ಮತ್ತೆ ಬಂತು. ಬಲಗಾಲಿನ ಹರಡು ಹಿಡಿದು, ಗಟ್ಟಿಯಾಗಿ, ಯಾರೋ ಎಳೆದರು.

ಒದೆಯಬೇಕೆಂದಿತು ಕಾಲು. ಕಿರುಚಬೇಕೆಂದಿತು ಬಾಯಿ. ‘ಯಾವ್ ಬದಿಗೆ?’ ಎಂದಿತು ತಲೆ. ಮೋಕ್ಷಿತಾ ಕಣ್ಣು ತೆರೆದಳು.

ಉಪ್ಪು ಚುರುಗುಟ್ಟಿತು. ಸುತ್ತ ಹಸಿರು ಮಸುಕು. ಅವಳ ಮೂಗಿನಿಂದ ಹೊರಟ ಗುಳ್ಳೆಗಳು ಸಾಲಾಗಿ ಕಾಲಿನ ಕಡೆಗೇ ಹೋಗುತ್ತಿದ್ದವು. ಗುಳ್ಳೆ ಯಾವತ್ತೂ ಕೆಳಗೆ ಹೋಗುವುದಿಲ್ಲ. ಅವುಗಳ ಹಿಂದೆಯೇ ಅವಳ ಕಾಲೂ ಹೋಗುತ್ತಿತ್ತು. ಕಾಲಿನಿಂದ ಆ ಕಪ್ಪು ಹಗ್ಗ ಬಿಗಿಯಾಗಿ ನಿಂತಿತ್ತು. ಹಗ್ಗದ ಆ ತುದಿಯಲ್ಲಿ, ಬೆಳಕಿನಲ್ಲಿ, ಒಂದು ದೊಡ್ಡ ನೀಲಿ ನೆರಳು ತೇಲುತ್ತಿತ್ತು.

ಅವಳು ಗುಳ್ಳೆಗಳ ಹಿಂದೆ ಹೋದಳು.

ತಲೆ ಹೊರಗೆ ಬಂದಾಗ ರವಿಯಣ್ಣ ಒಂದು ಮಾರು ದೂರದಲ್ಲಿದ್ದ. ಮೋಕ್ಷಿತಾ ಎರಡೂ ಕೈಯಿಂದ ನೀಲಿ ಬೋರ್ಡನ್ನು ತಬ್ಬಿಕೊಂಡು ಕೆಮ್ಮಿದಳು, ಸೀನಿದಳು, ಮತ್ತೆ ಕೆಮ್ಮಿದಳು.

“ಹಿಡಿತಾ?”

“ಹಿಡಿತ್.”

“ಯಾವ್ ಬದಿಗೆ?”

ಬಾಯಿ ತುಂಬ ಉಪ್ಪು ನೀರು. ಅವಳು ಒಂದು ಬೆರಳನ್ನು ಮೇಲಕ್ಕೆ ತೋರಿಸಿದಳು. ಹೋದ ವರ್ಷವೂ ಕಾಲಿಗೆ ಈ ಹಗ್ಗವೇ ಇತ್ತು, ಇದೇ ಆಗಿತ್ತು. ಕಡಲು ಅವಳನ್ನು ಒಯ್ಯುತ್ತಿದ್ದಾಗ, ಈ ಬೋರ್ಡ್ ಕಾಲು ಹಿಡಿದು ಮೇಲಕ್ಕೆ ಎಳೆಯುತ್ತಿತ್ತು. ಅವಳು ಒದೆಯುತ್ತಿದ್ದಳು.

ಇಬ್ಬರೂ ಮೊಣಕಾಲು ನೀರಿಗೆ ಬಂದರು. ಬಿಸಿಲು ಏರಿ ಮಂಜು ಅಲ್ಲಲ್ಲಿ ಹರಿದಿತ್ತು. ಅತ್ತ ಕಪ್ಪು ನೀರಿನ ಪಟ್ಟಿ ಕಾಣಿಸಿತು. ಅಲ್ಲಿ ಅಲೆಯಿಲ್ಲ, ಸದ್ದಿಲ್ಲ. ಅದನ್ನು ನೋಡಿದಾಗಲೆಲ್ಲ ಮೋಕ್ಷಿತಾಗೆ ತನ್ನ ಕಾಲು ನೆನಪಾಗುತ್ತಿತ್ತು. ಇವತ್ತು ನಾಗುವಿನ ಕಾಲು ನೆನಪಾಯಿತು.

“ರವಿಯಣ್ಣ, ನಾಗಣ್ಣನ್ ಕಾಲಿಗೆ ಎಂತದೂ ಕಟ್ಟಿರ್ಲಿಲ್ಲೆ, ಅಲ್ದಾ?”

ರವಿಯಣ್ಣ ಮುಖಕ್ಕೆ ಕಡಲ ನೀರು ಹಾಕಿಕೊಂಡು ಒರೆಸಿಕೊಂಡ.

“ಇಲ್ಲೆ ಮಗಾ,” ಎಂದ.

ಪಾಪ ಅನ್ನಿಸಿತು ಅವಳಿಗೆ. ಹೆದರಿಕೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ, ಬರೀ ಪಾಪ ಅನ್ನಿಸಿತು. ಆಮೇಲೆ ಬಗ್ಗಿ, ಕಾಲಿನ ಪಟ್ಟಿಯನ್ನು ತಾನೇ ಇನ್ನಷ್ಟು ಬಿಗಿ ಮಾಡಿಕೊಂಡು, ಬೋರ್ಡನ್ನು ನೊರೆಯ ಕಡೆಗೆ ತಿರುಗಿಸಿದಳು.