ಮೇಲಿನ ತೊಟ್ಟಿಯ ನೀರು

"ಮೇಷ್ಟ್ರೇ, ನನ್ನ ಗಂಡನ ತಲೆ ಉಳಿಸ್ಕೊಡಿ! ಅವನು ಕೊಂದಿಲ್ಲ!" ಎನ್ನುತ್ತ ಅಸುಂತಾ ಬಾಗಿಲಲ್ಲೇ ಕುಸಿದಳು.

ಅಂದು ಬೆಳಿಗ್ಗೆ ವಾಲ್‌ಫ್ರೋಂ ಊರಿನ ಕಾರಂಜಿಯ ಕೆಳಗಿನ ತೊಟ್ಟಿಯಲ್ಲಿ ದ್ರಾಕ್ಷಿತೋಟದ ಒಡೆಯ ವಿಡಾಲನ ಹೆಣ ಸಿಕ್ಕಿತ್ತು. ಅಸುಂತಾಳ ಗಂಡ ಸಾಂತೊ ಇಟಲಿಯಿಂದ ಬಂದ ಕಲ್ಲುಕುಟಿಗ. ಹಿಂದಿನ ದಿನ ವಿಡಾಲನೊಡನೆ ಜಗಳವಾಡಿದ್ದ, ಸಾಲದ್ದಕ್ಕೆ ಪರದೇಶಿ. ದಫೇದಾರನಿಗೆ ಅಷ್ಟೇ ಸಾಕಾಯಿತು.

ಬಾರ್ತೆಲೆಮಿ ಮೇಷ್ಟ್ರು ನಿವೃತ್ತರಾದ ಮೇಲೆ ಇಂಥ ಗಂಟು ಬಿಡಿಸುವುದನ್ನೇ ಹವ್ಯಾಸ ಮಾಡಿಕೊಂಡಿದ್ದರು. ಅವರ ಮನೆವಾರ್ತೆ ನೋಡಿಕೊಳ್ಳುವ ಲೆಯೋನಿ ಎಂದಿನಂತೆ ಛತ್ರಿ ಹಿಡಿದು ಹಿಂದೆಯೇ ಹೊರಟಳು.

ನಾಲ್ಕು ನೂರು ವರ್ಷದ ಕಾರಂಜಿ ಅದು. ಮೇಲಿನ ತೊಟ್ಟಿ ಕುಡಿಯಲು, ನಡುವಿನದು ದನಕರುಗಳಿಗೆ, ಕೆಳಗಿನದು ಬಟ್ಟೆ ಒಗೆಯಲು. ಮೇಷ್ಟ್ರು ಹೆಣದ ಹೊಟ್ಟೆ ಒತ್ತಿದರು. ಬಾಯಿಂದ ತಿಳಿನೀರು ಬಂತು.

"ನಿನ್ನೆ ಸೋಮವಾರ, ಊರ ಬಟ್ಟೆಯೆಲ್ಲ ಇಲ್ಲೇ ಒಗೆದಿದ್ದಾರೆ. ತೊಟ್ಟಿ ತುಂಬ ಸಾಬೂನು, ಇವನ ಹೊಟ್ಟೇಲಿ ಮಾತ್ರ ಇಲ್ಲ. ಉಗುರಲ್ಲಿ ಪಾಚಿ ಬೇರೆ. ಸಾಬೂನು ನೀರಲ್ಲಿ ಪಾಚಿ ಎಲ್ಲಿ ಬರ್ಬೇಕು? ಲೆಯೋನಿ, ಇವತ್ತು ಕಾಫಿ ಯಾಕೆ ತಡ ಆಯ್ತು?"

"ನೀರೇ ಇರ್ಲಿಲ್ಲ. ನಮ್ಮಣ್ಣ ಮೇಲಿನ ತೊಟ್ಟಿ ಖಾಲಿ ಮಾಡಿ ತಿಕ್ತಾ ಇದ್ದ..." ಎಂದವಳು ತಟ್ಟನೆ ಮೇಷ್ಟ್ರ ತೋಳು ಹಿಡಿದಳು. ಅಣ್ಣ ಕ್ಲೋವಿಸ್ ಕಾರಂಜಿಯ ನೀರುಗಂಟಿ. ಅವಳಿಗೆ ಅವನನ್ನು ಬಿಟ್ಟರೆ ಯಾರೂ ಇರಲಿಲ್ಲ.

"ಇಲ್ಲಿಗೇ ಬಿಟ್ಬಿಡಿ, ಮೇಷ್ಟ್ರೇ."

"ಬಿಟ್ರೆ ಸಾಂತೊ ತಲೆ ಹೋಗುತ್ತಲ್ಲಮ್ಮ."

ಮಧ್ಯಾಹ್ನ ಕಾರಂಜಿಯ ಮುಂದೆ ಊರೇ ಸೇರಿತು. ಸಾಬೂನು, ಪಾಚಿಗಳ ಲೆಕ್ಕ ಒಪ್ಪಿಸಿ ಮೇಷ್ಟ್ರು ಮುಂದುವರಿಸಿದರು: "ವಿಡಾಲ್ ಸತ್ತದ್ದು ಮೇಲಿನ ತೊಟ್ಟೀಲಿ. ಕೊಂದವನು ಹೆಣ ಅಲ್ಲೇ ಬಿಟ್ಟು ಓಡ್ಬೋದಿತ್ತು. ಕೆಳಕ್ಕೆ ಯಾಕೆ ಎಳೆದ? ಊರು ಕುಡಿಯೋ ನೀರು ಅಂತ! ಸಾಂತೊಗೆ ಆ ಚಿಂತೆ ಯಾಕೆ? ಅವನ ಹೆಂಡ್ತಿಗೆ ಆ ತೊಟ್ಟಿ ಮುಟ್ಟೋಕೂ ನೀವು ಬಿಡಲ್ಲ. ಅವರು ಕುಡಿಯೋದು ಹೊಳೆ ನೀರು. ಬೆಳಿಗ್ಗೆ ಆ ತೊಟ್ಟಿ ಖಾಲಿಯಾಗಿತ್ತು ಅಂತ ನಮ್ಮ ಲೆಯೋನಿ ಹೇಳಿದ್ಲು. ಖಾಲಿ ಮಾಡೋ ತೂಬಿನ ಬೀಗದ ಕೈ ಇರೋದು ಒಬ್ಬನ ಹತ್ರ."

ಕ್ಲೋವಿಸ್ ಟೋಪಿ ತೆಗೆದ. "ಕಳ್ಳ ಕೊಳವೆ ಹಾಕಿ ತೋಟಕ್ಕೆ ನೀರು ತಿರುಗಿಸ್ತಿದ್ದ. ಕೇಳಿದ್ರೆ ನಕ್ಕ. ಸಿಟ್ಟಲ್ಲಿ ತಲೆ ಅದುಮಿಬಿಟ್ಟೆ. ಆಮೇಲೆ, ಬೆಳಿಗ್ಗೆ ಮಕ್ಕಳು ಇದೇ ನೀರು ಕುಡೀತಾವಲ್ಲ ಅನ್ನಿಸ್ತು." ಅವನು ತಂಗಿಯ ಕಡೆ ನೋಡಲಿಲ್ಲ.

ದಫೇದಾರನ ಗಾಡಿ ಅವನನ್ನು ಕರೆದೊಯ್ದಿತು. ಇನ್ನು ಆ ತಲೆ ಉಳಿಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಜನ ಒಬ್ಬೊಬ್ಬರಾಗಿ ಕರಗಿದರು.

ಕ್ಲೋವಿಸ್ ಯಾರ ಅಣ್ಣನೆಂದು ಅಸುಂತಾಳಿಗೆ ಯಾರೂ ಹೇಳಿರಲಿಲ್ಲ. ಅವಳು ಓಡಿಬಂದು ಲೆಯೋನಿಯ ಎರಡೂ ಕೈ ಹಿಡಿದು ಮುತ್ತಿಟ್ಟಳು. "ನಿಮ್ಮ ಒಂದು ಮಾತಿಂದ ನನ್ನ ಗಂಡ ಉಳಿದ, ಅಕ್ಕಾ. ನಿಮ್ಮ ತವರು ತಣ್ಣಗಿರ್ಲಿ," ಎಂದಳು.

ಲೆಯೋನಿಗೆ ಕೈ ಹಿಂದಕ್ಕೆಳೆದುಕೊಳ್ಳಲೂ ಆಗಲಿಲ್ಲ.